ಮಗನ ಗಾಡಿಯ ಡಿಕ್ಕಿಗೆ ತಂತಿ ಹಾಕಿಸಿದ್ದು

ನನಗೆ ಮೊಮ್ಮಗಳು ಹುಟ್ಟಿದಳು! ಬೆಳಿಗ್ಗೆ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದಾಗ ಸುದ್ದಿ ಬಂತು. ಕೊಡ ಅಲ್ಲೇ ತುಂಬಿ ಹರಿಯುತ್ತಾ ಇತ್ತು, ನಾನು ಜೋಗೇಶ್ವರಿಯ ನಮ್ಮ ಚಾಳಿನ ಬಾಗಿಲು ಬಾಗಿಲಿಗೂ ಹೋಗಿ ಎಲ್ಲರ ಬಾಯಿಗೆ ಸಕ್ಕರೆ ಹಾಕುತ್ತಾ ಇದ್ದೆ. ಹಲ್ಲಿಲ್ಲದ ಅಜ್ಜಿಯಿಂದ ಹಿಡಿದು ಜಗಳವಾಡಿ ಮಾತು ಬಿಟ್ಟವಳ ತನಕ ಯಾರನ್ನೂ ಬಿಡಲಿಲ್ಲ.

ಅದೇ ದಿನ ನಾನು ನನ್ನ ಬೀಗರ ಮೇಲೆ ಸೇಡು ತೀರಿಸಿಕೊಂಡೆ. ಯಾವ ಖುಷಿ ದೊಡ್ಡದು ಎಂದು ಕೇಳಿದರೆ ಮೊಮ್ಮಗಳದ್ದೇ ಎನ್ನುತ್ತೇನೆ. ಆದರೆ ಇನ್ನೊಂದೂ ಸಣ್ಣದಲ್ಲ.

ನನ್ನ ಮಗನಿಗೆ ಎಳವೆಯಲ್ಲೇ ಪೋಲಿಯೊ ಬಂದು ಎರಡೂ ಕಾಲಿನ ಬಲ ಹೋಗಿತ್ತು. ಊರುಗೋಲು ಹಿಡಿದರೆ ಚೆನ್ನಾಗಿ ನಡೆಯುತ್ತಾನೆ. ಸ್ಟೇಷನ್ ಹತ್ತಿರ ಫೋನ್ ಬೂತ್ ಇಟ್ಟುಕೊಂಡಿದ್ದ, ಓಡಾಡಲು ಮೂರು ಚಕ್ರದ ಮೋಟಾರ್ ಸೈಕಲ್ಲು. ಹಿಂದಿನ ಎರಡು ಚಕ್ರಗಳ ನಡುವೆ ತಗಡಿನ ಉದ್ದದ ಡಿಕ್ಕಿ, ಅದರೊಳಗೆ ಊರುಗೋಲು. ಮೊದಲು ಪಕ್ಕಕ್ಕೆ ಕಟ್ಟುತ್ತಿದ್ದ. ಸಿಗ್ನಲ್ಲಿನಲ್ಲಿ ಯಾರೋ ಒಂದನ್ನು ಎಳೆದುಕೊಂಡು ಓಡಿದ ಮೇಲೆ ಡಿಕ್ಕಿ ಮಾಡಿಸಿದ್ದು. ಆದರೆ ಮಾಡಿದವನು ಬೀಗವನ್ನು ತೀರ ಹಿಂದೆ, ಬಾಲದ ಕಡೆ ಇಟ್ಟಿದ್ದ. ಕೂತವನ ಕೈ ಅಲ್ಲಿಗೆ ಹೋಗುವುದಿಲ್ಲ. ಹೋದಲ್ಲೆಲ್ಲ ಯಾರಾದರೂ ಕೀಲಿ ತೆಗೆದುಕೊಂಡು ಹಿಂದೆ ಹೋಗಿ, ಡಿಕ್ಕಿ ತೆರೆದು, ಕೋಲು ಕೈಗೆ ಕೊಡಬೇಕು. ನಮ್ಮ ಚಾಳಿನಲ್ಲಿ ಇದೊಂದು ಕೆಲಸವೇ ಅಲ್ಲ, ದಾರಿಯಲ್ಲಿ ಹೋಗುವವರೂ ಮಾಡುತ್ತಿದ್ದರು.

ಬೀಗರು ಮಾತ್ರ ಅದನ್ನೊಂದು ಸಮಾರಂಭ ಮಾಡಿಬಿಟ್ಟರು. ಅವರು ಬೆಂಗಳೂರಿನ ಕಡೆಯವರು, ದೊಡ್ಡ ಆಫೀಸಿನ ಸಾಹೇಬರು, ಸಾಂತಾಕ್ರೂಜ್‌ನ ಸೊಸೈಟಿಯಲ್ಲಿ ಮೂರನೆಯ ಮಾಳಿಗೆ. ನಾವು ಉಡುಪಿ ಕಡೆಯವರು, ನಮ್ಮ ಮನೆಯವರು ಬೈಕುಲ್ಲಾದ ಹೋಟೆಲಿನಲ್ಲಿ ಅಡುಗೆ ಭಟ್ಟರು. ಹುಡುಗಿ ತಾನೇ ಮೆಚ್ಚಿ ಮದುವೆಯಾದದ್ದು ಅವರ ಗಂಟಲಲ್ಲಿ ಸಿಕ್ಕಿಕೊಂಡೇ ಇತ್ತು. ಮಗನ ಗಾಡಿ ಗೇಟಿಗೆ ಬಂದರೆ ಸಾಕು, ಇಸ್ತ್ರಿ ಅಂಗಿ ಹಾಕಿಕೊಂಡು ಇಳಿದು ಬರುವರು. ನಾಲ್ಕು ಜನ ಕೇಳುವ ಹಾಗೆ, "ಅಳಿಯಂದ್ರಿಗೆ ಕೋಲು ಕೊಡೋ ಡ್ಯೂಟಿ ನಂದೇ ಕಣ್ರೀ" ಎನ್ನುವರು.

ಸೊಸೆ ಹೆರಿಗೆಗೆ ತವರಿಗೆ ಹೋಗಿದ್ದಾಗ ಒಂದು ಭಾನುವಾರ ಮಗ ನೋಡಲು ಹೋದ. ಮೇ ತಿಂಗಳ ಬಿಸಿಲು. ಬಾಲ್ಕನಿಯಿಂದ ಕೈ ಬೀಸಿ "ಬಂದೆ" ಎಂದ ಬೀಗರು, ಅವನನ್ನು ಗಾಡಿಯಲ್ಲೇ ಕಾಯಿಸಿ ಊಟಕ್ಕೆ ಕೂತರು. ಪಾಪ, ವಾಚ್‌ಮನ್ ಎದ್ದರೆ, "ನೀ ಬಿಡಪ್ಪಾ, ನಾನೇ ಬರ್ತೀನಿ" ಎಂದು ಮೇಲಿನಿಂದಲೇ ತಡೆದರಂತೆ. ಮಗಳು ಇಳಿಯಲು ಹೊರಟರೆ, ತುಂಬಿದ ಬಸುರಿ ಮೆಟ್ಟಿಲು ಇಳಿಯಬಾರದು ಎಂದು ಗದರಿಸಿದರಂತೆ. ಮೊಸರನ್ನ ಮುಗಿಸಿ, ಕೈ ಒರೆಸಿಕೊಳ್ಳುತ್ತಾ ಬಂದು ಅವರು ಹೇಳಿದ್ದೇನು? "ನಿಮಗೆ ಕೋಲು ಕೊಡೋಕೆ ಒಬ್ಬರು. ನಾಳೆ ಮಗು ಎತ್ತಿ ಕೊಡೋಕೆ ಇನ್ನೊಬ್ಬರನ್ನ ಇಡಬೇಕಾಗತ್ತೆ."

ಮಗ ನನ್ನ ಹತ್ತಿರ ಇದನ್ನು ಹೇಳಲಿಲ್ಲ. ಸೊಸೆ ಫೋನಿನಲ್ಲಿ ಅತ್ತುಕೊಂಡು ಹೇಳಿದಳು. ಆ ದಿನದಿಂದ ನನಗೆ ಅನ್ನ ಸೇರಲಿಲ್ಲ. ಮಗು ಹುಟ್ಟಿದ ದಿನ ನನ್ನ ಮಗ ಆ ಮನುಷ್ಯನ ಕೈ ಕಾಯದೆ ಮಗುವಿನ ಹತ್ತಿರ ಹೋಗಬೇಕು, ಆಗ ಆ ಮುಖ ನಾನು ಕಣ್ಣಾರೆ ನೋಡಬೇಕು. ನನಗೆ ಇದ್ದದ್ದು ಅದೊಂದೇ ಹಟ.

ನಾನು ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವಳು, ಯಂತ್ರದ ಗಂಧ ಇಲ್ಲ. ಆದರೆ ಹಾಲಿನವನ ಸೈಕಲ್ಲು ದಿನಾ ನೋಡುತ್ತಿದ್ದೆ. ಬ್ರೇಕು ಹಿಡಿಯುವುದು ಕೈಯಲ್ಲಿ, ನಿಲ್ಲುವುದು ಹಿಂದಿನ ಚಕ್ರ. ನಡುವೆ ಇರುವುದು ಒಂದು ತಂತಿ. ಮಗನನ್ನು ಗಾಡಿ ಸಮೇತ ಹೊರಡಿಸಿಕೊಂಡು ಗಲ್ಲಿಯ ಗ್ಯಾರೇಜಿಗೆ ಹೋದೆ.

"ಮೌಸಿ, ಡಿಕ್ಕಿ ಹಿಂದಿನಿಂದಲೇ ತೆರೆಯುವುದು" ಎಂದ ಗ್ಯಾರೇಜಿನವನು ಹಿಂದಿಯಲ್ಲಿ.

"ನಿನ್ನ ಸೈಕಲ್ಲಿನ ಬ್ರೇಕು ಹಿಂದೆ ಹೋಗಿ ಹಿಡೀತೀಯಾ?" ಎಂದೆ ನನ್ನ ಮುರುಕು ಹಿಂದಿಯಲ್ಲಿ.

ಅವನು ನಕ್ಕು ಕೆಲಸಕ್ಕೆ ಕೂತ. ಬೀಗ ಕಿತ್ತು ಅಲ್ಲಿ ಚಿಲಕ ಕೂರಿಸಿದ. ಚಿಲಕದಿಂದ ಬ್ರೇಕಿನ ತಂತಿಯನ್ನು ಸೀಟಿನ ಕೆಳಗಿನಿಂದ ತಂದು, ಮಗನ ಬಲಗೈ ಹತ್ತಿರ ಒಂದು ಉಂಗುರ ಕಟ್ಟಿದ. ಉಂಗುರ ಎಳೆದರೆ ಹಿಂದೆ ಚಿಲಕ ಬಿಡುತ್ತದೆ. ನಾನು ಎಳೆದೆ, ಬಿಟ್ಟಿತು. ಅವನು ಎಳೆದ, ಬಿಟ್ಟಿತು. ಚಹಾ ಕುಡಿದು ಹೊರಟೆವು.

ಮೊದಲ ಗುಂಡಿಯಲ್ಲೇ ಡಿಕ್ಕಿ ಬಾಯಿ ಬಿಟ್ಟು ಕೋಲೊಂದು ರಸ್ತೆಗೆ ಬಿತ್ತು. ಹಿಂದಿನಿಂದ ಬಂದ ಬಸ್ಸು ಗಕ್ಕನೆ ನಿಂತು, ಡ್ರೈವರು ನಮ್ಮ ಕುಲಗೋತ್ರವನ್ನೆಲ್ಲ ಬೈದ. ನಾವು ಖಾಲಿ ಸೀಟಿನ ಮೇಲೆ ಪರೀಕ್ಷೆ ಮಾಡಿದ್ದೇ ತಪ್ಪು. ಮಗ ಕೂತರೆ ಸೀಟು ತಗ್ಗುತ್ತದೆ, ಕೆಳಗಿನ ತಂತಿಯನ್ನು ಒತ್ತಿ ತಾನೇ ಎಳೆಯುತ್ತದೆ. ಗ್ಯಾರೇಜಿನವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

"ಬಿಡಮ್ಮ, ಎಂಥದಕ್ಕೆ ಈ ರಗಳೆ?" ಎಂದ ಮಗ.

"ಆ ಮನುಷ್ಯ ಮೊಸರನ್ನ ತಿಂದು ಇಳಿದು ಬಂದದ್ದು ನೀನು ಮರೀಬಹುದು ಮಾರಾಯ, ನಾನು ಮರೆಯುವವಳಲ್ಲ" ಎಂದೆ. ಅವನು ಗಾಡಿ ತಿರುಗಿಸಿದ.

ಈ ಸಲ ಮಗನನ್ನು ಸೀಟಿನ ಮೇಲೆ ಕೂರಿಸಿಯೇ ಕೆಲಸವಾಯಿತು. ತಂತಿಯನ್ನು ಸೀಟು ಬಿಟ್ಟು ಪಕ್ಕದಿಂದ ತಂದು ಸ್ವಲ್ಪ ಸಡಿಲು ಕೊಟ್ಟರು. ಮುಚ್ಚಳ ತಾನಾಗಿ ಏಳಲು ಒಳಗೊಂದು ಸ್ಪ್ರಿಂಗ್ ಇಟ್ಟರು. ಉಂಗುರ ಎಳೆದರೆ ಠಪ್ಪೆಂದು ಮುಚ್ಚಳ ಪಕ್ಕಕ್ಕೆ ಹಾರುತ್ತಿತ್ತು, ಸೀಟಿನ ಕಡೆ ಇರುವ ಕೋಲಿನ ಹಿಡಿ ಅವನ ಕೈಗೇ ಸಿಗುತ್ತಿತ್ತು. ಸ್ಪ್ರಿಂಗ್ ಇಷ್ಟು ಜೋರು ಬೇಡ ಎಂದ ಗ್ಯಾರೇಜಿನವನು. ಜೋರೇ ಇರಲಿ ಎಂದೆ ನಾನು.

ಮಗು ಹುಟ್ಟಿದ ಸುದ್ದಿ ಬಂದ ದಿನ ಮಧ್ಯಾಹ್ನ ನಾನೂ ನಮ್ಮವರೂ ಊಟದ ದೊಡ್ಡ ಕ್ಯಾರಿಯರ್ ಹಿಡಿದು ರಿಕ್ಷಾದಲ್ಲಿ ಮೊದಲೇ ಹೋಗಿ ನರ್ಸಿಂಗ್ ಹೋಮಿನ ಗೇಟಿನಲ್ಲಿ ನಿಂತೆವು. ಬೀಗರೂ ಅಲ್ಲೇ ಇದ್ದರು, ಜೊತೆಗೆ ಅವರ ಆಫೀಸಿನ ಇಬ್ಬರು. ಮಗನ ಗಾಡಿ ಬಂದು ನಿಂತದ್ದೇ ಕೈ ಚಾಚಿದರು.

"ಬನ್ನಿ ಅಳಿಯಂದ್ರೇ, ಕೊಡಿ ಕೀ."

"ಕೀ ಇಲ್ಲ ಮಾವ. ಸ್ವಲ್ಪ ಹಿಂದೆ ನಿಲ್ಲಿ, ತಾಗ್ತದೆ."

"ಏನು ತಾಗತ್ತೆ?"

ಠಪ್! ಬೀಗರು ಹಾರಿ ಹಿಂದೆ ಸರಿದರು. ಮಗ ಎರಡೂ ಕೋಲು ಎಳೆದುಕೊಂಡು ಎದ್ದು ಒಳಗೆ ನಡೆದ. ಬೀಗರ ಕೈ ಇನ್ನೂ ಚಾಚಿಯೇ ಇತ್ತು. ಅಂಥ ಕೈಯನ್ನು ಖಾಲಿ ಬಿಡುವುದುಂಟೇ? ತೂಕದ ಕ್ಯಾರಿಯರ್ ಅದರಲ್ಲಿ ಇಟ್ಟೆ.

"ಬೀಗರೇ, ಇವತ್ತಿನಿಂದ ನಿಮ್ಮ ಡ್ಯೂಟಿ ಇದು. ಸಾರು ಚೆಲ್ಲೀತು, ಜಾಗ್ರತೆ!"

ಆಫೀಸಿನವರು ಬೇರೆ ಕಡೆ ನೋಡಿದರು. ಆ ಮುಖ ಎಷ್ಟು ಕೆಂಪಾಯಿತು ಎಂದರೆ, ನನ್ನ ಎದೆಯಿಂದ ಒಂದು ಬಂಡೆ ಇಳಿದ ಹಾಗಾಯಿತು. ಮೆಟ್ಟಿಲುಗಳ ಉದ್ದಕ್ಕೂ ನಾನು ಅವರ ಹಿಂದೆಯೇ ಹತ್ತಿದೆ, ಬೇಕೆಂದೇ ನಿಧಾನವಾಗಿ.

ನಾವು ಕೋಣೆಗೆ ಬರುವಷ್ಟರಲ್ಲಿ ಮಗ ಕುರ್ಚಿಯಲ್ಲಿ ಕೂತಿದ್ದ, ಮಗು ಅವನ ತೊಡೆಯ ಮೇಲಿತ್ತು. ಸೊಸೆ ಮಂಚದಿಂದ ಬಾಗಿ ತಾನೇ ಕೊಟ್ಟಿದ್ದಳಂತೆ. ಗುಲಾಬಿ ಬಣ್ಣದ ಕೈ, ಬೆರಳು ಬಿಗಿ ಹಿಡಿದು ಮಲಗಿತ್ತು ನನ್ನ ಬಂಗಾರ. ನಾನು ಅತ್ತೆ, ನಕ್ಕೆ, ಮತ್ತೆ ಅತ್ತೆ.

ಸಂಜೆ ದಾದಿಯನ್ನು ಒಪ್ಪಿಸಿ ಎಲ್ಲರೂ ಅಲ್ಲೇ ಊಟಕ್ಕೆ ಕೂತೆವು. ಬಾಣಂತಿಗೆ ಮೆಣಸಿನ ಸಾರು, ಮೆತ್ತಗಿನ ಅನ್ನ. ನಮಗೆ ನಮ್ಮವರು ಮಾಡಿದ ಹುಳಿ, ಪಲ್ಯ, ಹೆಸರುಬೇಳೆ ಪಾಯಸ. ಬೀಗರು ತಲೆ ತಗ್ಗಿಸಿ ಉಣ್ಣುತ್ತಿದ್ದರು.

"ಮದುವೆ ಆದಾಗಿಂದ ಇವರು ಒಂದು ತರಕಾರಿ ಚೀಲ ಹೊತ್ತಿದ್ದು ನಾನು ಕಂಡಿಲ್ಲ" ಎಂದರು ಬೀಗಿತ್ತಿ, ಸೆರಗಿನಲ್ಲಿ ನಗು ಮುಚ್ಚಿಕೊಂಡು.

ಸೊಸೆ ನಕ್ಕಳು, ಹೆರಿಗೆಯ ಹೊಲಿಗೆ ಎಳೆದಂತಾಗಿ "ಅಯ್ಯೋ" ಎಂದಳು. ಮಗ ಪಾಯಸಕ್ಕೆ ಲೋಟ ಚಾಚಿದ. ಬೀಗರೂ ಚಾಚಿದರು. ನಾನು ಮೊದಲು ಮಗನಿಗೆ ಹಾಕಿ, ನಮ್ಮವರಿಗೆ ಹಾಕಿ, ಬೀಗಿತ್ತಿಗೆ ಹಾಕಿ, ಉಳಿದದ್ದನ್ನು ಅವರ ಲೋಟಕ್ಕೆ ಸುರಿದೆ. ಮಗು ಎದ್ದು ಅಳತೊಡಗಿತು, ಎಲ್ಲರೂ ಎಂಜಲು ಕೈಯಲ್ಲೇ ಎದ್ದು ನೋಡಿದೆವು, ಮತ್ತೆ ಕೂತು ಉಂಡೆವು.