ಸಂತೆ ಗೋಡೆಯ ಮೇಲಿನ ಒಂದು ಸಾಲು

ನಿನ್ನೆ ಬಸವಕಲ್ಯಾಣದಲ್ಲಿ, ನಾನು ಪಾಠ ಹೇಳುವ ಶಾಲೆಯ ಕಾಂಪೌಂಡಿಗೆ ಚಿತ್ರ ಬರೆಯಲು ಬಂದವರು ಟರ್ಪೆಂಟೈನ್ ಡಬ್ಬಿಯ ಮುಚ್ಚಳ ತೆಗೆದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಹುಮನಾಬಾದಿನ ನಮ್ಮ ಓಣಿಯ ಪೇಂಟರ್ ಕಾಕಾ ನೆನಪಾದರು...

ಅವರದು ನಮ್ಮ ಪಕ್ಕದ ಮನೆ. ಕನ್ನಡ, ಉರ್ದು, ಮರಾಠಿ ಮೂರರಲ್ಲೂ ಅಂಗಡಿ ಬೋರ್ಡು ಬರೆಯುತ್ತಿದ್ದರು. ಫ್ಲೆಕ್ಸ್ ಬಂದ ಮೇಲೆ ಕೆಲಸ ಇಳಿಯಿತು, ಕೆಮ್ಮು ಏರಿತು.

ನನ್ನ ಅವ್ವ ಸಂತೆಯಲ್ಲಿ ಕಾಯಿಪಲ್ಯ ಮಾರುತ್ತಿದ್ದಳು. ಪಕ್ಕದ ಹುಡಗಿ ಊರಿನಿಂದ ಬರುವ ಹೆಂಗಸರೂ ಅದೇ ಸಾಲಿನಲ್ಲಿ ಕೂರುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಮೂತ್ರಕ್ಕೆ ಹೋಗಲು ಜಾಗವಿಲ್ಲದೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಅವ್ವ ಉರಿಮೂತ್ರದಿಂದ ಹಾಸಿಗೆ ಹಿಡಿದಾಗ ನೋಡಲು ಬಂದ ಕಾಕಾ, ಕಾರಣ ಕೇಳಿ ತಿಳಿದು ಎದ್ದು ಹೋದರು.

ಮರುದಿನ ಸಂತೆಯ ಗೋಡೆಯ ಮೇಲೆ ಆಳೆತ್ತರದ ಅಕ್ಷರಗಳು: 'ಇಲ್ಲಿ ಹೆಣ್ಣುಮಕ್ಕಳಿಗೆ ಪಾಯಖಾನೆ ಇಲ್ಲ.'

ಅದೇ ಗೋಡೆಯ ಇನ್ನೊಂದು ತುದಿಯಲ್ಲಿ, ಊರಿನ ಅಂದಕ್ಕೆಂದು ಪುರಸಭೆ ಕರೆಸಿದ ಹೊರಗಿನ ಕಲಾವಿದರು ನವಿಲು ಬರೆದು ಹೋಗಿದ್ದರು. ಪುರಸಭೆಯ ಸಾಹೇಬರೊಬ್ಬರು ಬಂದು, ಗೋಡೆ ಹೊಲಸು ಮಾಡಿದ್ದೀ, ನಿನ್ನ ಕೈಯಿಂದಲೇ ಸುಣ್ಣ ಬಳಿ ಎಂದರು. ಸಂತೆಯೆಲ್ಲ ನೋಡುತ್ತಿರುವಾಗಲೇ ಕಾಕಾ ಬಳಿದರು. ಒಣಗುವವರೆಗೆ ಕೂತು ಚಹಾ ಕುಡಿದರು. ಆಮೇಲೆ ಎದ್ದು ಅದೇ ಸಾಲನ್ನು ಇನ್ನೂ ದಪ್ಪಗೆ ಬರೆದರು.

ಸಾಹೇಬರು ಮತ್ತೆ ಬಂದಾಗ ಕಾಕಾ ಕೇಳಿದ್ದು ಇಷ್ಟೇ: "ನೀವು ಬರೆಸಿದ್ದು ಚಿತ್ರ, ನಾ ಬರದದ್ದು ಹೊಲಸು, ಅದು ಹ್ಯಾಂಗ್ರಿ? ಸುಳ್ಳ ಬರದಿದ್ರ ಹೇಳ್ರಿ, ನಾನೇ ಅಳಸ್ತೀನಿ."

ಡಬ್ಬಿ, ಬ್ರಷ್ಷು ಎಲ್ಲ ಜಪ್ತಿಯಾದವು. ಗೋಡೆಗೆ ಮತ್ತೆ ಸುಣ್ಣ ಬಿತ್ತು.

ಆಗಷ್ಟೇ ಎದ್ದು ಓಡಾಡುತ್ತಿದ್ದ ಅವ್ವ ನನ್ನನ್ನು ಕಾಲೇಜಿನಿಂದ ಸಂತೆಗೆ ಕರೆಸಿದಳು. "ಆ ಸಾಲು ನೆಲದ ಮ್ಯಾಲ ಬರದ ತೋರಸು. ನಾವು ನೋಡಿ ಗೀಚತೀವಿ," ಎಂದಳು. ಓದು ಬಾರದ ಹೆಂಗಸರು ಇದ್ದಿಲು ಹಿಡಿದು ಒಬ್ಬೊಬ್ಬರಾಗಿ ಎದ್ದರು. ಅಕ್ಷರಗಳು ಸೊಟ್ಟಸೊಟ್ಟಗೆ ಮೂಡಿದವು. ದೂರ ನಿಂತಿದ್ದ ಕಾಕಾನ ಹತ್ತಿರ ಓಡಿ, 'ಣ್ಣು' ತಪ್ಪಾಗಿದೆ, ತಿದ್ದಿ ಬನ್ನಿ ಎಂದೆ.

"ಇರ್ಲಿ ಬಿಡವ್ವ, ಅದು ಅವರ ಕೈಬರಹ," ಎಂದರು. ಕಣ್ಣುಗಳು ಒದ್ದೆಯಾಗಿದ್ದವು.

ಸಾಹೇಬರು ಬಂದಾಗ ಹೆಂಗಸರು ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು. ಒಬ್ಬಳೂ ಏಳಲಿಲ್ಲ. ಸುಣ್ಣದ ಬಕೆಟ್ಟು ಹೇಗೆ ಬಂತೋ ಹಾಗೇ ಹೋಯಿತು. ಆ ಬೇಸಿಗೆಯಲ್ಲಿ ಪಾಯಖಾನೆಗೆ ಅಡಿಪಾಯ ತೋಡಿದರು. ಅದು ಮುಗಿಯುವ ಮೊದಲೇ ಕೆಮ್ಮು ಕಾಕಾನನ್ನು ಒಯ್ದಿತು...

ಈಗ ಅವರು ಬರೆದ ಒಂದು ಬೋರ್ಡೂ ಹುಮನಾಬಾದಿನಲ್ಲಿ ಉಳಿದಿಲ್ಲ. ಹುಡುಕಿ ಬಂದಿದ್ದೇನೆ.

ಇವತ್ತು ಚಿತ್ರದವರು, ಗೋಡೆಯ ಮೇಲೆ ಏನಾದರೂ ಬರೆಯಬೇಕೇ ಎಂದು ಕೇಳಿದರು. ಶಾಲೆಯ ಮುಂದಿನ ರಸ್ತೆಯಲ್ಲಿ ಲಾರಿಗಳು ನುಗ್ಗುತ್ತವೆ, 'ಇಲ್ಲಿ ಮಕ್ಕಳು ದಾಟುತ್ತಾರೆ, ಹಂಪ್ ಇಲ್ಲ' ಎಂದು ಬರೆಯಿರಿ ಅಂದೆ. ಚಿತ್ರಕ್ಕಷ್ಟೇ ಪರವಾನಗಿ ಇದೆ ಎಂದು ಅವರು ಹಿಂಜರಿದರು. ನಾನು ಬ್ರಷ್ ಇಸಿದುಕೊಂಡು ಬರೆಯತೊಡಗಿದೆ. ಸಾಲು ಓರೆಯಾಗುತ್ತಿತ್ತು. ಪಕ್ಕದಲ್ಲಿ ನಿಂತು 'ಇರ್ಲಿ ಬಿಡವ್ವ' ಎನ್ನಲು ಕಾಕಾ ಇರಬೇಕಿತ್ತು.