ಬಳೆ ಒಡೆಸಿದ ರೆಫ್ರಿ

ಎಪ್ಪತ್ತರ ದಶಕದಲ್ಲಿ ನಾನು ಕುಣಿಗಲ್ಲಿನ ಕಾಲೇಜೊಂದರ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡದ ಕ್ಯಾಪ್ಟನ್. ತಂಡ ಅಂದರೆ ಐದೇ ಜನ. ಒಬ್ಬಳಿಗೆ ಜ್ವರ ಬಂದರೂ ತುಮಕೂರಿನ ಬಸ್ಸು ಹತ್ತುವ ಹಾಗಿರಲಿಲ್ಲ. ಐವರಲ್ಲಿ ನಿಜವಾಗಿ ಆಡಬಲ್ಲವಳು ಹುತ್ರಿದುರ್ಗದ ರೈತರ ಮನೆಯ ಹುಡುಗಿ. ಓಡುತ್ತಲೇ ಬಾಲು ಹಿಡಿದು, ಓಡುತ್ತಲೇ ಬುಟ್ಟಿಗೆ ಹಾಕುವಳು. ಆ ವರ್ಷವೇ ಅವಳಿಗೆ ಅದೇ ಊರಿನಲ್ಲಿ ಮದುವೆಯಾಗಿತ್ತು. ಟೂರ್ನಮೆಂಟಿಗೆ ಕಳಿಸಿ ಎಂದು ಕೇಳಲು ಅವಳ ಅತ್ತೆಯ ಹತ್ತಿರ ನಾನೇ ಹೋಗಿದ್ದೆ.

"ಕರ್ಕೊಂಡ್ ಹೋಗವ್ವ. ಮದ್ವೆ ಬಳೆ ಮಾತ್ರ ಒಡೀದಂಗೆ ನೋಡ್ಕೊ," ಎಂದರು.

ತುಮಕೂರಿನಲ್ಲಿ ನಮ್ಮ ಎದುರಾಳಿ ಗುಬ್ಬಿಯ ತಂಡ. ರೆಫ್ರಿ ಯಾವುದೋ ಆಫೀಸಿನ ನೌಕರ, ಇಸ್ತ್ರಿ ಮಾಡಿದ ಬಿಳಿ ಪ್ಯಾಂಟಿನವನು. ಆಟಕ್ಕೆ ಮುಂಚೆ ಎಲ್ಲರ ಕೈ ನೋಡುತ್ತಾ ಬಂದು ಹುತ್ರಿದುರ್ಗದ ಹುಡುಗಿಯ ಮುಂದೆ ನಿಂತ.

"ಬಳೆ ತೆಗೀಬೇಕು."

"ಬಿಗಿಯಾಗಿವೆ ಸರ್, ಬರೋಲ್ಲ," ಎಂದೆ ನಾನು. "ಮೇಲೆ ದಪ್ಪಗೆ ಬಟ್ಟೆ ಸುತ್ತಿ ಕಟ್ತೀನಿ. ಯಾರಿಗೂ ತಾಗಲ್ಲ."

"ಬಟ್ಟೆ ಸುತ್ತೋದು ರೂಲಲ್ಲಿಲ್ಲ. ತೆಗೀಬೇಕು ಅಂತಿದೆ."

ಗುಬ್ಬಿಯ ಕ್ಯಾಪ್ಟನ್ ಹುಡುಗಿ ಮುಂದೆ ಬಂದಳು. "ನಮಗೇನ್ ತೊಂದ್ರೆ ಇಲ್ಲ ಸರ್. ಕಟ್ಕೊಂಡೇ ಆಡ್ಲಿ ಬುಡಿ."

"ನಿನ್ನ ಯಾರಮ್ಮ ಕೇಳಿದ್ದು?" ಎಂದು ಅವಳನ್ನೂ ಗದರಿದ.

ನಲ್ಲಿಯ ಹತ್ತಿರ ಕೂತು ಸೋಪು ಹಚ್ಚಿ ಎಳೆದೆವು. ಕೈ ಕೆಂಪಗೆ ಊದಿತೇ ಹೊರತು ಬಳೆ ಜರುಗಲಿಲ್ಲ. ಅವನು ಗಡಿಯಾರ ನೋಡುತ್ತಾ ಬಂದು, "ಐದು ಜನ ಇಲ್ಲ ಅಂದ್ರೆ ನೀವು ಸೋತಂಗೆ. ಬರ್ಕೊಳ್ಳಾ?" ಎಂದ.

ಅವಳು ಎದ್ದು ಹೋಗಿ ಬುಟ್ಟಿಯ ಕಬ್ಬಿಣದ ಕಂಬಕ್ಕೆ ಎರಡೂ ಕೈ ಬಡಿದಳು. ಹಸಿರು ಚೂರುಗಳು ಹಾರಿದವು. ಮಣಿಕಟ್ಟಿನಿಂದ ರಕ್ತ ಇಳಿಯಿತು.

"ಗಾಜು ಬಳಿದು ಹಾಕಿ, ಬೇಗ," ಎಂದ ಆ ಮನುಷ್ಯ. ರಕ್ತದ ಬಗ್ಗೆ ಒಂದು ಮಾತಿಲ್ಲ. ಗುಬ್ಬಿಯ ಹುಡುಗಿಯರೂ ನಮ್ಮ ಜೊತೆ ಕುಕ್ಕರುಗಾಲಲ್ಲಿ ಕೂತು ಚೂರು ಆಯ್ದರು. ಯಾರಿಗೂ ಗಾಯವಾಗದಿರಲಿ ಎಂದು ಮಾಡಿದ ನಿಯಮವಂತೆ ಅದು!

ನಾವು ಗೆದ್ದೆವು. ಯಾರೂ ಚಪ್ಪಾಳೆ ತಟ್ಟುವ ಸ್ಥಿತಿಯಲ್ಲಿರಲಿಲ್ಲ.

ಅವಳನ್ನು ಮನೆಗೆ ಬಿಡಲು ನಾನೂ ಹೋದೆ. ಬರಿಗೈ ಕಂಡದ್ದೇ ಅತ್ತೆ ಹೊಸ್ತಿಲಲ್ಲೇ ಕುಸಿದರು. "ನನ್ ಮಗ ಬದ್ಕವ್ನಲ್ಲೇ! ಬಳೆ ಒಡ್ಕೊಂಡ್ ಬಂದಿದೀಯಲ್ಲೇ!" ನಡೆದದ್ದನ್ನು ಹೇಳಿದೆ. ಅವರ ಕಿವಿಗೆ ಬೀಳಲಿಲ್ಲ. ಅವಳು ಮತ್ತೆ ಆಡಲಿಲ್ಲ, ಕಾಲೇಜಿಗೂ ಬರಲಿಲ್ಲ.

ಎಂಬತ್ತರ ದಶಕದಲ್ಲಿ ನಾನು ಗುಬ್ಬಿಯಲ್ಲಿ ಪಿ.ಟಿ. ಟೀಚರ್ ಆಗಿದ್ದಾಗ ತುಮಕೂರಿನಲ್ಲಿ ರೆಫ್ರಿಗಳ ತರಬೇತಿಗೆ ಹೋದೆ. ಪಾಠ ಹೇಳಲು ನಿಂತವನು ಅವನೇ. "ರೂಲಿಗೆ ಕರುಣೆ ಇರಬಾರದು," ಎನ್ನುತ್ತಿದ್ದ.

ನಾನು ಎದ್ದೆ. ಹುಡುಗಿ, ಬಳೆ, ಕಂಬ, ರಕ್ತ, ಎಲ್ಲವನ್ನೂ ಎಲ್ಲರೆದುರು ಹೇಳಿದೆ.

ಅವನು ಹಣೆ ಗಂಟಿಕ್ಕಿ ಯೋಚಿಸಿದ. "ಯಾವ ಬಳೆನಮ್ಮಾ? ನೆನಪಿಲ್ಲ. ಆಮೇಲೆ ಆಡಿದ್ರಲ್ಲ, ಮತ್ತೇನು?"

"ಅವಳು ಮತ್ತೆ ಆಡ್ಲೇ ಇಲ್ಲ ಸರ್."

"ಕೂತ್ಕೊಳ್ಳಿ. ಮುಂದಿನ ವಿಷಯ ಫೌಲ್," ಎಂದ.

ನಾನು ಕೂರಲಿಲ್ಲ.