ಗಂಜಿಯ ಪಥ್ಯ

ನಮ್ಮ ಅತ್ತೆಯ ಪ್ರಕಾರ ಪಥ್ಯವಿಲ್ಲದ ಮದ್ದು ಮದ್ದೇ ಅಲ್ಲ. ಪಥ್ಯ ಹೇಳದ ಡಾಕ್ಟರಿಗೆ ವಿದ್ಯೆ ಸಾಲದು ಎಂದೇ ಅವರ ತೀರ್ಮಾನ. ಶಿಕಾರಿಪುರದ ನಮ್ಮ ಓಣಿಯಲ್ಲಿ ನೆಗಡಿಯಾದವರೂ ಬಂದು ಇವರನ್ನೇ ಕೇಳುತ್ತಾರೆ, "ಬದನೆಕಾಯಿ ತಿನ್ನಬಹುದೇನ್ರೀ?"

ಒಂಬತ್ತು ವರ್ಷದ ನನ್ನ ಮಗಳಿಗೆ ಕ್ರೋನ್ಸ್ ಎಂಬ ಕರುಳಿನ ಕಾಯಿಲೆಯಿದೆ ಎಂದು ಗೊತ್ತಾದಾಗ ಅವಳು ಕೂರಲೂ ಆಗದೆ ಅಳುತ್ತಿದ್ದಳು. ಕೂರುವ ಜಾಗದಲ್ಲೇ ಕೀವು ಕಟ್ಟಿತ್ತು. ಶಿವಮೊಗ್ಗದ ಡಾಕ್ಟರಮ್ಮ ಕೀವು ತೆಗೆಸಿ ಆ್ಯಂಟಿಬಯಾಟಿಕ್ ಮಾತ್ರೆ ಬರೆದುಕೊಟ್ಟರು. "ಮೊದಲು ಇದು ಆರಬೇಕು, ಮಗುವಿನ ತೂಕ ಏರ್ಬೇಕು. ಆಮೇಲೆ ಕರುಳಿನ ಔಷಧ ಶುರು ಮಾಡೋಣ. ಮಾತ್ರೆ ಜೊತೆ ಮಾತ್ರ ಹಾಲು, ಮೊಸರು ಬೇಡ," ಎಂದರು. ಮನೆಗೆ ಬಂದು ಅತ್ತೆಗೆ ಅದನ್ನೇ ಹೇಳಿದೆ.

ನಾನು ಸೊರಬ ತಾಲ್ಲೂಕಿನ ಆನವಟ್ಟಿಯಲ್ಲಿ ಟೀಚರ್. ಬೆಳಿಗ್ಗೆ ಬಸ್ಸು ಹತ್ತಿದರೆ ಮನೆ ಮುಟ್ಟುವಷ್ಟರಲ್ಲಿ ಅತ್ತೆ ಮಗುವಿಗೆ ರಾತ್ರಿಯ ಊಟವನ್ನೂ ಮುಗಿಸಿರುತ್ತಿದ್ದರು. ರಜೆಯ ದಿನ ಗಂಜಿ ಕಂಡರೂ ಅದು ಆ ಹೊತ್ತಿನದಷ್ಟೇ ಎಂದುಕೊಳ್ಳುತ್ತಿದ್ದೆ. ಗಾಯ ಚೆನ್ನಾಗಿ ಆರತೊಡಗಿತು, ತೂಕ ಮಾತ್ರ ಏರಲಿಲ್ಲ. "ಬಾಯೆಲ್ಲ ಕಬ್ಬಿಣ ನೆಕ್ಕಿದಂಗಾಗ್ತದಮ್ಮ," ಎನ್ನುತ್ತಿದ್ದಳು ಮಗಳು. ಊಟ ಸೇರದಿರುವುದು ಅದಕ್ಕೇ ಎಂದುಕೊಂಡು ನಾನು ಮಾತ್ರೆಯನ್ನು ಬೈದೆ. ಹೀಗೇ ಆದರೆ ಮುಂದಿನ ಔಷಧ ಯಾವಾಗ ಎಂದು ಒಳಗೊಳಗೇ ಹೆದರುತ್ತಿದ್ದೆ.

ಮತ್ತೆ ತೋರಿಸಲು ಹೋದಾಗ ಅತ್ತೆಯೂ ಬಂದರು. ಡಾಕ್ಟರಮ್ಮ ತೂಕ ನೋಡಿ ಹುಬ್ಬು ಗಂಟಿಕ್ಕಿದರು.

"ಏನು ಊಟ ಮಾಡ್ತೀಯ ಪುಟ್ಟಿ?"

"ಗಂಜಿ."

"ಮತ್ತೆ?"

"ಗಂಜಿನೇ."

ನಾನು ಅತ್ತೆಯ ಕಡೆ ತಿರುಗಿದೆ. ಅವರು ಹೆಮ್ಮೆಯಿಂದ ಹೇಳಿದರು: "ಪಥ್ಯ ಎಳ್ಳಷ್ಟೂ ಮುರಿದಿಲ್ರೀ. ಹಾಲು ಬ್ಯಾಡ ಅಂದ್ರಲ್ಲ, ಅದರ ಜೊತಿಗೆ ತುಪ್ಪ, ಬೇಳೆ, ಬೆಲ್ಲ ಎಲ್ಲಾ ಬಿಡಿಸೀನಿ."

ನನಗೆ ಮೈಯೆಲ್ಲ ಉರಿಯಿತು. ಬಾಯಿ ತೆರೆಯುವಷ್ಟರಲ್ಲಿ ಮಗಳು, "ಅಜ್ಜಿನೂ ನನ್ನ ಜೊತಿ ಗಂಜಿನೇ ಉಣ್ತಾಳೆ," ಎಂದಳು.

"ಮಗು ಎದುರಿಗೆ ನಾನೊಬ್ಳೇ ರೊಟ್ಟಿ ಹೆಂಗ ತಿನ್ಲಿ?" ಎಂದರು ಅತ್ತೆ. ಅವರ ಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು. ನಾನು ಕುರ್ಚಿ ಎಳೆದು ಅವರನ್ನು ಕೂರಿಸಿದೆ.

ಡಾಕ್ಟರಮ್ಮ ಬೈಯಲಿಲ್ಲ. "ಅಜ್ಜಿ, ಈ ಮಾತ್ರೆಯ ಪಥ್ಯವೇ ಬೇರೆ. ಮಾತ್ರೆಗೂ ಹಾಲಿಗೂ ನಡುವೆ ಕೆಲವು ಗಂಟೆ ಬಿಡಿ. ಉಳಿದಂತೆ ಹೊಟ್ಟೆಗೆ ಒಗ್ಗಿದ್ದೆಲ್ಲ ಕೊಡಿ. ಒಂದು ಹೊತ್ತು ತಪ್ಪಿದರೂ ಪಥ್ಯ ಕೆಟ್ಟ ಹಾಗೆ."

"ಹಂಗೇನ್ರೀ?" ಎಂದ ಅತ್ತೆ ಅಂದಿನಿಂದ ಹೊಸ ಪಥ್ಯ ಹಿಡಿದರು. ಹಿಡಿದರೆ ಬಿಡುವ ಹೆಂಗಸಲ್ಲ. ರೊಟ್ಟಿಗೆ ಬೆಣ್ಣೆ, ಅನ್ನಕ್ಕೆ ತುಪ್ಪ, ನಡುನಡುವೆ ಬಾಳೆಹಣ್ಣು. ನಮ್ಮವರ ಮೆಕ್ಕೆಜೋಳದ ಅಂಗಡಿಯಲ್ಲಿ ಚೀಲ ತೂಗುವ ಯಂತ್ರದ ಮೇಲೆ ಆಗಾಗ ಮೊಮ್ಮಗಳನ್ನು ನಿಲ್ಲಿಸಿ ಅಂಕಿ ಓದಿಸುತ್ತಿದ್ದರು. ಅಂಕಿ ಏರಿತು. ಅಂಗಡಿಗೆ ಬಂದ ರೈತರೆಲ್ಲ ಅವಳ ತೂಕ ಬಲ್ಲವರಾದರು.

ಮೊನ್ನೆ ಡಾಕ್ಟರಮ್ಮ, "ಗಾಯ ಆರಿದೆ, ಔಷಧ ಶುರು ಮಾಡೋಣ," ಎಂದರು. ನಾನು ಅಲ್ಲೇ ಅತ್ತುಬಿಟ್ಟೆ. ಸಂಜೆ ಊಟಕ್ಕೆ ಕೂತಾಗ ನೋಡಿದರೆ ಅತ್ತೆಯ ತಟ್ಟೆಯಲ್ಲಿ ಇನ್ನೂ ಗಂಜಿ. ಮಗು ಪೂರ್ತಿ ಗುಣವಾಗುವ ತನಕ ಎಂದು ದೇವರಿಗೆ ಹೇಳಿಕೊಂಡಿದ್ದರಂತೆ.

"ಅಜ್ಜಿ, ಈ ಕಾಯಿಲೆ ನಾನು ದೊಡ್ಡೋಳಾದ್ರೂ ಇರ್ತದಂತೆ. ಅಲ್ಲೀತನಕ ಗಂಜಿ ಕುಡೀತೀಯೇನು?" ಎಂದಳು ಮಗಳು. ಬೆಣ್ಣೆ ಹಚ್ಚಿದ ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಅಜ್ಜಿಯ ತಟ್ಟೆಗೆ ಹಾಕಿದಳು. "ಒಂದು ಹೊತ್ತು ತಪ್ಪಿದ್ರೂ ಪಥ್ಯ ಕೆಟ್ಟಂಗೆ."

ಅತ್ತೆ ನನ್ನ ಮುಖ ನೋಡಿದರು, ನಾನು ಅವರ ಗಂಜಿಯನ್ನು ಪಕ್ಕಕ್ಕೆ ಸರಿಸಿದೆ. ಅವರು ರೊಟ್ಟಿ ತಿಂದರು.